ಯಂತ್ರ ಕೊಂಡ ಮೇಲೆ: ಸೂಪರ್‌ಕಂಪ್ಯೂಟರುಗಳಲ್ಲಿ ವೇಗವರ್ಧಕಗಳ ನಿರ್ವಹಣೆ



ವಿಜ್ಞಾನದ ದತ್ತಿ ಉಪನ್ಯಾಸಕ್ಕೆ ಕರೆದಾಗ ಬ್ರಹ್ಮಾಂಡದ ಬಗ್ಗೆಯೋ ಜೀವಕೋಶದ ಬಗ್ಗೆಯೋ ಮಾತಾಡುವುದು ವಾಡಿಕೆ. ನಾನು ಆರಿಸಿಕೊಂಡಿರುವುದು ಅಷ್ಟು ಸೊಗಸಿನ ವಿಷಯವಲ್ಲ. ಸೂಪರ್‌ಕಂಪ್ಯೂಟರಿನ ಕೊಠಡಿಯಲ್ಲಿ, ಫ್ಯಾನುಗಳ ಸದ್ದಿನ ನಡುವೆ, ದಿನವೂ ನಡೆಯುವ ಒಂದು ಕೆಲಸದ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ಜಿಪಿಯು ಮುಂತಾದ ವೇಗವರ್ಧಕಗಳನ್ನು ಹಂಚುವ, ದುಡಿಸುವ, ಕಾಪಾಡುವ ಕೆಲಸ ಅದು. ಇದನ್ನು ಸಾರ್ವಜನಿಕ ಸಭೆಯಲ್ಲಿ ಆಡಬೇಕಾದ ಮಾತೆಂದು ನಾನು ನಂಬಿದ್ದೇನೆ. ಇದರಲ್ಲಿ ನಿಮ್ಮ ದುಡ್ಡಿದೆ, ನಿಮ್ಮ ಮಕ್ಕಳ ಓದೂ ಇದೆ.

2015ರಲ್ಲಿ ಭಾರತ ಸರ್ಕಾರ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ 4,500 ಕೋಟಿ ರೂಪಾಯಿ ಗೊತ್ತುಮಾಡಿತು. ಅದನ್ನು ನಡೆಸುವ ಹೊಣೆ ಪುಣೆಯ ಸಿ-ಡ್ಯಾಕ್ ಮತ್ತು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. 2024ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇಂಡಿಯಾ ಎಐ ಮಿಷನ್‌ಗೆ 10,300 ಕೋಟಿಗೂ ಹೆಚ್ಚು ಹಣ ಒಪ್ಪಿತು. ಅದರ ಮೊದಲ ಗುರಿಯೇ 10,000ಕ್ಕೂ ಹೆಚ್ಚು ಜಿಪಿಯುಗಳನ್ನು ದೇಶದ ಸಂಶೋಧಕರಿಗೆ, ಹೊಸ ಉದ್ಯಮಗಳಿಗೆ ಒದಗಿಸುವುದು. ಪತ್ರಿಕೆಗಳಲ್ಲಿ, ಟಿವಿಯಲ್ಲಿ, ಸಭೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಎಷ್ಟು ಜಿಪಿಯು ಬಂದವು? ಅದು ಕೇಳಬೇಕಾದ ಪ್ರಶ್ನೆಯೇ. ಆದರೆ ವೇಗವರ್ಧಕದ ನಿಜವಾದ ಬೆಲೆ ಕೊಂಡ ದಿನ ತಿಳಿಯುವುದಿಲ್ಲ. ಮುಂದಿನ ಐದಾರು ವರ್ಷ ಅದನ್ನು ಯಾರಿಗೆ ಕೊಟ್ಟೆವು, ಎಷ್ಟು ಹೊತ್ತು ದುಡಿಸಿದೆವು, ಕೆಟ್ಟಾಗ ಎಷ್ಟು ಬೇಗ ಗುರುತಿಸಿದೆವು ಎಂಬುದರಲ್ಲಿ ಅದು ತಿಳಿಯುತ್ತದೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ವಿಚಾರದ ಸುತ್ತಲೇ.

ಮೊದಲು ವೇಗವರ್ಧಕ ಎಂದರೇನು ಎಂದು ಹೇಳಿಬಿಡುತ್ತೇನೆ. ಎಲ್ಲ ಕೆಲಸವನ್ನೂ ಒಂದು ಮಟ್ಟಿಗೆ ಮಾಡಬಲ್ಲ ಮುಖ್ಯ ಪ್ರೊಸೆಸರ್ ಒಂದು ಕಡೆ. ಒಂದೇ ಬಗೆಯ ಕೆಲಸವನ್ನು ಬಹಳ ವೇಗವಾಗಿ ಮಾಡುವ ಇನ್ನೊಂದು ಚಿಪ್ ಅದರ ಜೊತೆಗೆ. ಈ ಎರಡನೆಯದೇ ವೇಗವರ್ಧಕ. ಇದು ಇತ್ತೀಚಿನ ಕಲ್ಪನೆಯೇನಲ್ಲ, ಬೆಂಗಳೂರಿಗಂತೂ ಹೊಸದೇ ಅಲ್ಲ. 1986ರ ಕೊನೆಯಲ್ಲಿ ಇಲ್ಲಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಫ್ಲೋಸಾಲ್ವರ್ ಎಂಬ ಸಮಾಂತರ ಗಣಕವನ್ನು ಕಟ್ಟಿತು. ರೊದ್ದಂ ನರಸಿಂಹ ಅವರು ಆಗ ಅದರ ನಿರ್ದೇಶಕರು. ಗಾಳಿಯ ಹರಿವಿನ ಸಮೀಕರಣಗಳನ್ನು ಬಿಡಿಸಲು ಕಟ್ಟಿದ ಆ ಯಂತ್ರದಲ್ಲಿ ಇದ್ದದ್ದು ಇಂಟೆಲ್ 8086 ಪ್ರೊಸೆಸರ್, ಅದರ ಪಕ್ಕದಲ್ಲಿ 8087 ಎಂಬ ಸಹ-ಪ್ರೊಸೆಸರ್. ದಶಮಾಂಶ ಲೆಕ್ಕವೆಲ್ಲ ಈ 8087ರ ಪಾಲಿಗೆ. ಅಂಥ ನಾಲ್ಕು ಜೋಡಿಗಳಿಂದ ಶುರುವಾದ ಕೆಲಸ ಮುಂದೆ ಮುಂಗಾರಿನ ಮುನ್ಸೂಚನೆಯ ಲೆಕ್ಕದವರೆಗೂ ಬೆಳೆಯಿತು. ವಿದೇಶಿ ಸೂಪರ್‌ಕಂಪ್ಯೂಟರ್ ನಮಗೆ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಇಲ್ಲಿನವರು ಮಾಡಿದ ಆ ಕೆಲಸವನ್ನು ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಇನ್ನೂ ಹೆಚ್ಚು ಹೇಳಬೇಕು.

8087ಕ್ಕೆ ನಿರ್ವಹಣೆ ಬೇಕಿರಲಿಲ್ಲ. ಅದಕ್ಕೆ ತನ್ನದೇ ಸ್ಮೃತಿ ಇರಲಿಲ್ಲ, ತನ್ನದೇ ಪ್ರೋಗ್ರಾಮ್ ಇರಲಿಲ್ಲ. 8086 ಓದುತ್ತಿದ್ದ ಆಜ್ಞೆಗಳನ್ನೇ ಇದೂ ನೋಡುತ್ತ, ತನ್ನ ಪಾಲಿನ ಆಜ್ಞೆ ಬಂದಾಗ ಲೆಕ್ಕ ಮಾಡುತ್ತಿತ್ತು. ಇಂದಿನ ಜಿಪಿಯು ಹಾಗಲ್ಲ. ಅದಕ್ಕೆ ಸ್ವಂತ ಸ್ಮೃತಿ, ಸ್ವಂತ ಪ್ರೋಗ್ರಾಮ್, ಸ್ವಂತ ಡ್ರೈವರ್, ಸ್ವಂತ ಕಾಯಿಲೆಗಳು. ಒಂದೇ ಜಿಪಿಯುವನ್ನು ಬೆಳಿಗ್ಗೆ ಒಬ್ಬ ರಸಾಯನಶಾಸ್ತ್ರಜ್ಞೆ, ಸಂಜೆ ಒಬ್ಬ ಭಾಷಾ ಸಂಶೋಧಕ ಬಳಸಬಹುದು. ಎನ್ವಿಡಿಯಾ ಕಂಪನಿ 2007ರಲ್ಲಿ ಕುಡಾ ಎಂಬ ಪ್ರೋಗ್ರಾಮಿಂಗ್ ವ್ಯವಸ್ಥೆಯನ್ನು ಬಿಡುಗಡೆ ಮಾಡಿದ ಮೇಲೆ ಆಟದ ಚಿತ್ರಗಳಿಗೆಂದು ಹುಟ್ಟಿದ ಚಿಪ್ಪು ವಿಜ್ಞಾನದ ಲೆಕ್ಕಕ್ಕೆ ಬಂತು. 2010ರ ನವೆಂಬರ್‌ನಲ್ಲಿ ಚೀನಾದ ಟಿಯಾನ್ಹೆ-1ಎ ಯಂತ್ರ 7,168 ಜಿಪಿಯುಗಳೊಂದಿಗೆ ವೇಗದಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದಲ್ಲಿ ಇಸ್ರೋ 400 ಜಿಪಿಯುಗಳ ಸಾಗಾ-220ಯನ್ನು ಕಟ್ಟಿತು. ಸತೀಶ್ ಧವನ್ ಅವರ ಹೆಸರಿನ ಗಣಕ ಕೇಂದ್ರದಲ್ಲಿದ್ದ ಆ ಯಂತ್ರಕ್ಕೆ ಬೇಕಾಗಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್ ಮಾತ್ರ. ಅಲ್ಲಿಂದೀಚೆಗೆ ದೊಡ್ಡ ಯಂತ್ರ ಎಂದರೆ ಬಹುಪಾಲು ವೇಗವರ್ಧಕಗಳ ಯಂತ್ರವೇ. ಆದರೆ 2020ರಲ್ಲಿ ಮೊದಲ ಸ್ಥಾನಕ್ಕೇರಿದ ಜಪಾನಿನ ಫುಗಾಕು ಪ್ರತ್ಯೇಕ ವೇಗವರ್ಧಕವಿಲ್ಲದೆ ಆ ಎತ್ತರ ಮುಟ್ಟಿತು. ಅಂಥ ಉದಾಹರಣೆಗಳು ಬೆರಳೆಣಿಕೆಯಷ್ಟು.

ನಿರ್ವಹಣೆಯ ಮೊದಲ ತೊಡಕು ದೂರ. ಕಣ್ಣಿಗೆ ಕಾಣದ, ಆದರೆ ಲೆಕ್ಕದಲ್ಲಿ ಎದ್ದು ಕಾಣುವ ದೂರ. ಎ100 ಎಂಬ ಜಿಪಿಯು ತನ್ನ ಸ್ವಂತ ಸ್ಮೃತಿಯಿಂದ ಸೆಕೆಂಡಿಗೆ ಸುಮಾರು 1,500 ಗಿಗಾಬೈಟ್ ಓದಬಲ್ಲದು. ಅದೇ ಜಿಪಿಯುಗೆ ಮುಖ್ಯ ಪ್ರೊಸೆಸರಿನ ಕಡೆಯಿಂದ ದತ್ತಾಂಶ ಬರುವ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 32 ಗಿಗಾಬೈಟ್ ಬರಬಹುದು. ಸುಮಾರು ಐವತ್ತು ಪಟ್ಟು ವ್ಯತ್ಯಾಸ. ದತ್ತಾಂಶವನ್ನು ಪದೇ ಪದೇ ಅತ್ತಿತ್ತ ಸಾಗಿಸುವ ಪ್ರೋಗ್ರಾಮ್ ಬರೆದವರಿಗೆ ಎಷ್ಟು ಒಳ್ಳೆಯ ಜಿಪಿಯು ಕೊಟ್ಟರೂ ವೇಗ ದಕ್ಕುವುದಿಲ್ಲ. 2024ರಲ್ಲಿ ಮೊದಲ ಸ್ಥಾನಕ್ಕೆ ಬಂದ ಎಲ್ ಕ್ಯಾಪಿಟನ್ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಲು ಹೊರಟಿದೆ. ಅದರ ಎಂಐ300ಎ ಚಿಪ್ಪಿನಲ್ಲಿ ಮುಖ್ಯ ಪ್ರೊಸೆಸರ್ ಮತ್ತು ಜಿಪಿಯು ಎರಡೂ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ಮುಂದಿನ ದಾರಿ ಇದೇ ಇರಬಹುದು. ನಮ್ಮ ಸಂಸ್ಥೆಗಳಲ್ಲಿ ಸದ್ಯ ಇರುವ ಯಂತ್ರಗಳಲ್ಲಿ ಬಹುಪಾಲು ಮಾತ್ರ ಹಳೆಯ ಬಗೆಯವೇ, ಅವುಗಳಲ್ಲಿ ಈ ದೂರವನ್ನು ನಾವೇ ಅರಿತು ನಡೆಯಬೇಕು.

ಎರಡನೆಯದು ಹಂಚಿಕೆ. ದೊಡ್ಡ ಯಂತ್ರಗಳಲ್ಲಿ ಯಾರೂ ನೇರವಾಗಿ ಜಿಪಿಯು ಮುಂದೆ ಕೂರುವುದಿಲ್ಲ. ಲಾಗಿನ್ ನೋಡ್‌ಗೆ ಬಂದು, ನನಗೆ ಇಷ್ಟು ಜಿಪಿಯು, ಇಷ್ಟು ಸ್ಮೃತಿ, ಇಷ್ಟು ಗಂಟೆ ಬೇಕು ಎಂದು ಬರೆದು ಜಾಬ್ ಸಲ್ಲಿಸುತ್ತಾರೆ. ಸರದಿ ನೋಡಿ ಕೆಲಸ ಹಂಚುವುದು ಶೆಡ್ಯೂಲರ್. ಈ ಕೆಲಸಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಸ್ಲರ್ಮ್. ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿ, ಮುಕ್ತ ತಂತ್ರಾಂಶವಾಗಿ ಬೆಳೆದದ್ದು. ನಮ್ಮ ಹಳ್ಳಿಗಳಲ್ಲಿ ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನಿಗಾ ಇಡುತ್ತಿದ್ದ ನೀರುಗಂಟಿ ಇರುತ್ತಿದ್ದನಲ್ಲ, ಆ ಕೆಲಸವೇ ಇದು. ಮೇಲಿನ ಗದ್ದೆಯವನು ಅಗತ್ಯಕ್ಕಿಂತ ಹೆಚ್ಚು ಹರಿಸಿಕೊಂಡರೆ ಕೊನೆಯ ಗದ್ದೆ ಒಣಗುತ್ತದೆ.

ಹಂಚಿಕೆಯ ಒಳಗೆ ಎರಡು ಕೆಲಸಗಳಿವೆ. ಒಂದು, ಈ ಜಾಬ್‌ಗೆ ಈ ಎರಡು ಜಿಪಿಯು ಎಂದು ಬರೆದಿಡುವುದು. ಇನ್ನೊಂದು, ಆ ಜಾಬ್ ಉಳಿದ ಜಿಪಿಯುಗಳನ್ನು ಮುಟ್ಟದಂತೆ ತಡೆಯುವುದು. ಎಷ್ಟೋ ಚಿಕ್ಕ ಕ್ಲಸ್ಟರುಗಳಲ್ಲಿ ಮೊದಲನೆಯದನ್ನು ಮಾತ್ರ ಮಾಡಿರುತ್ತಾರೆ. ಶೆಡ್ಯೂಲರ್ ಒಂದು ಪರಿಸರ ಚರದಲ್ಲಿ ಜಿಪಿಯು ಸಂಖ್ಯೆಯನ್ನು ಬರೆದುಕೊಡುತ್ತದೆ, ಬಳಕೆದಾರ ಅದನ್ನು ಪಾಲಿಸುತ್ತಾನೆಂದು ನಂಬುತ್ತದೆ. ಇಂಟರ್ನೆಟ್ಟಿನಿಂದ ನಕಲಿಳಿಸಿದ ಪ್ರೋಗ್ರಾಮಿನಲ್ಲಿ ಆ ಚರವನ್ನು ಯಾರೋ ಬದಲಾಯಿಸಿದ್ದರೆ, ಅದು ಪಕ್ಕದವರ ಜಿಪಿಯುವಿನ ಮೇಲೆ ಹೋಗಿ ಕೂರುತ್ತದೆ. ಮೂರು ದಿನದಿಂದ ಓಡುತ್ತಿದ್ದ ಇನ್ನೊಬ್ಬರ ಲೆಕ್ಕ ಸ್ಮೃತಿ ಸಾಲದೆ ಸತ್ತುಹೋಗುತ್ತದೆ. ಏಕೆ ಸತ್ತಿತೆಂದು ಅವರಿಗೆ ತಿಳಿಯುವುದೂ ಇಲ್ಲ. ಇದಕ್ಕೆ ಮದ್ದು ಲಿನಕ್ಸ್‌ನಲ್ಲೇ ಇದೆ. ಸಿ-ಗ್ರೂಪ್ ಎಂಬ ವ್ಯವಸ್ಥೆಯಿಂದ ಆಯಾ ಜಾಬ್‌ಗೆ ಕೊಟ್ಟ ಜಿಪಿಯು ಬಿಟ್ಟು ಬೇರೆಯದು ಕಾಣಿಸದಂತೆಯೇ ಮಾಡಬಹುದು. ಸ್ಲರ್ಮ್‌ನ ಕಡತದಲ್ಲಿ ಕೆಲವೇ ಸಾಲುಗಳ ಕೆಲಸ. ನಿಮ್ಮ ವಿಭಾಗದಲ್ಲಿ ಕ್ಲಸ್ಟರ್ ಇದ್ದರೆ ನಾಳೆಯೇ ಹೋಗಿ ಆ ಸಾಲುಗಳಿವೆಯೇ ಎಂದು ಪರೀಕ್ಷಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ಯಾವ ಜಿಪಿಯು ಎಂಬುದೂ ಮುಖ್ಯ. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಫ್ರಾಂಟಿಯರ್ 2022ರಲ್ಲಿ ಎಕ್ಸಾಫ್ಲಾಪ್ ವೇಗ ದಾಟಿದ ಯಂತ್ರವಾಗಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ 9,400ಕ್ಕೂ ಹೆಚ್ಚು ನೋಡುಗಳಿವೆ, ಅಂದರೆ ಒಟ್ಟಾಗಿ ದುಡಿಯುವ ಬಿಡಿ ಗಣಕಗಳು. ಒಂದೊಂದು ನೋಡಿನಲ್ಲೂ 64 ಕೋರ್‌ಗಳ ಒಂದು ಪ್ರೊಸೆಸರ್, ನಾಲ್ಕು ಎಂಐ250ಎಕ್ಸ್ ವೇಗವರ್ಧಕಗಳು. ಒಂದೊಂದು ವೇಗವರ್ಧಕದ ಒಳಗೂ ಎರಡು ಚಿಪ್ಪುಗಳಿರುವುದರಿಂದ ಪ್ರೋಗ್ರಾಮಿಗೆ ಕಾಣುವುದು ಎಂಟು ಜಿಪಿಯು. 64 ಕೋರ್‌ಗಳು ಎಂಟೆಂಟರ ಗುಂಪಾಗಿ ಒಂದೊಂದು ಜಿಪಿಯುಗೆ ಹತ್ತಿರದಲ್ಲಿವೆ. 0ರಿಂದ 7ರವರೆಗಿನ ಕೋರ್‌ಗಳಿಗೆ ಹತ್ತಿರದ್ದು 0ನೇ ಜಿಪಿಯು ಇರಬೇಕೆಂದು ನೀವು ಊಹಿಸುತ್ತೀರಿ. ಅಲ್ಲ, ಹತ್ತಿರದ್ದು 4ನೆಯದು. 0ನೇ ಜಿಪಿಯುಗೆ ಹತ್ತಿರವಿರುವುದು 48ರಿಂದ 55ರವರೆಗಿನ ಕೋರ್‌ಗಳು. ಸಂಖ್ಯೆಯ ಕ್ರಮದಲ್ಲೇ ಜೋಡಿಸಿಕೊಂಡವರ ದತ್ತಾಂಶ ಚಿಪ್ಪಿನ ಒಳಗೇ ಸುತ್ತು ಹಾಕಿಕೊಂಡು ಹೋಗುತ್ತದೆ. ಜೊತೆಗೆ, ಪ್ರತಿ ಗುಂಪಿನಲ್ಲಿ ಒಂದು ಕೋರನ್ನು ಕಾರ್ಯಾಚರಣೆ ವ್ಯವಸ್ಥೆಯ ಚಿಲ್ಲರೆ ಕೆಲಸಗಳಿಗೆಂದು ಎತ್ತಿಟ್ಟಿರುತ್ತಾರೆ, ಹಾಗಾಗಿ ಬಳಕೆದಾರರಿಗೆ ಸಾಮಾನ್ಯವಾಗಿ ಉಳಿಯುವುದು 56. ಈ ನಕ್ಷೆಯನ್ನು ಅಲ್ಲಿನವರು ತಮ್ಮ ಬಳಕೆದಾರರ ಕೈಪಿಡಿಯಲ್ಲಿ ಚಿತ್ರ ಸಮೇತ ಕೊಟ್ಟಿದ್ದಾರೆ. ಅತಿ ಹತ್ತಿರದ ಜಿಪಿಯು ಕೊಡು ಎಂದು ಶೆಡ್ಯೂಲರಿಗೆ ಹೇಳುವ ಒಂದು ಆಯ್ಕೆಯೂ ಇದೆ. ನಮ್ಮಲ್ಲಿ ಎಷ್ಟು ಕ್ಲಸ್ಟರುಗಳ ಬಳಕೆದಾರರ ಕೈಗೆ ಇಂಥ ನಕ್ಷೆ ಸಿಕ್ಕಿದೆ? ನಾನು ಈ ಪ್ರಶ್ನೆಯನ್ನು ಹೋದಲ್ಲೆಲ್ಲ ಕೇಳುತ್ತೇನೆ.

ಈಗ ಖಾಲಿ ಬಿದ್ದಿರುವ ಜಿಪಿಯುಗಳ ಮಾತು. ಇದೇ ನನ್ನನ್ನು ಹೆಚ್ಚು ಕಾಡುವುದು. ಜಿಪಿಯು ಎಷ್ಟು ದುಡಿಯುತ್ತಿದೆ ಎಂದು ನೋಡಲು ಎಲ್ಲರೂ ಎನ್ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ಕೊಡುತ್ತಾರೆ. ಅದು ಬಳಕೆ ಶೇಕಡಾ 100 ಎಂದು ತೋರಿಸಿದರೆ ನೆಮ್ಮದಿ. ಆದರೆ ಆ ಸಂಖ್ಯೆ ಹೇಳುವುದು ಇಷ್ಟೇ: ಹಿಂದಿನ ಕ್ಷಣಗಳಲ್ಲಿ ಎಷ್ಟು ಹೊತ್ತು ಜಿಪಿಯುವಿನ ಮೇಲೆ ಯಾವುದಾದರೂ ಒಂದು ಕೆಲಸ ಓಡುತ್ತಿತ್ತು. ನೂರಕ್ಕೂ ಹೆಚ್ಚು ಗಣನ ಘಟಕಗಳಿರುವ ಎ100ರಲ್ಲಿ ಒಂದೇ ಒಂದು ಘಟಕ ದುಡಿಯುತ್ತಿದ್ದರೂ ಅದು 100 ಎಂದೇ ತೋರಿಸಬಹುದು. ಆ ಸಂಖ್ಯೆಯನ್ನು ವಾರ್ಷಿಕ ವರದಿಗೆ ಹಾಕಿ, ಯಂತ್ರ ಪೂರ್ಣವಾಗಿ ಬಳಕೆಯಾಗುತ್ತಿದೆ ಎಂದು ಬರೆಯುವುದು ತಪ್ಪು. ಎಷ್ಟು ಘಟಕಗಳು ದುಡಿದವು, ಸ್ಮೃತಿಯ ದಾರಿ ಎಷ್ಟು ತುಂಬಿತ್ತು, ಎಷ್ಟು ವ್ಯಾಟ್ ವಿದ್ಯುತ್ ಎಳೆಯಿತು ಎಂಬುದನ್ನು ಬಿಡಿಬಿಡಿಯಾಗಿ ಅಳೆಯುವ ಉಪಕರಣಗಳಿವೆ, ಅವನ್ನು ಬಳಸಬೇಕು. 300 ವ್ಯಾಟ್ ಎಳೆಯಬೇಕಾದ ವಿ100 ಜಿಪಿಯು 70 ವ್ಯಾಟಿನಲ್ಲಿ ಕೂತಿದ್ದರೆ ಅಲ್ಲಿ ಏನೂ ದೊಡ್ಡ ಲೆಕ್ಕ ನಡೆಯುತ್ತಿಲ್ಲ ಎಂದೇ ಅರ್ಥ. ಈ ಒಂದು ಪರೀಕ್ಷೆಯನ್ನು ಯಾವ ವಿದ್ಯಾರ್ಥಿಯೂ ಮಾಡಬಲ್ಲ.

ಖಾಲಿ ಕೂರುವುದಕ್ಕೆ ಕಾರಣಗಳು ಸಾಮಾನ್ಯವಾದವು. ಚಿತ್ರಗಳನ್ನು ಡಿಸ್ಕಿನಿಂದ ಓದಿ ಹದಮಾಡುವ ಕೆಲಸ ಎರಡೇ ಕೋರ್‌ಗಳ ಮೇಲೆ ಬಿದ್ದಿರುತ್ತದೆ. ಜಿಪಿಯು ಹಸಿದು ಕಾಯುತ್ತದೆ. ಮೂರು ಗಂಟೆಯ ಕೆಲಸಕ್ಕೆ ಇಪ್ಪತ್ನಾಲ್ಕು ಗಂಟೆ ಬರೆದುಕೊಟ್ಟಿರುತ್ತಾರೆ. ಶೆಡ್ಯೂಲರ್ ಆ ಮಾತನ್ನು ನಂಬಿ, ಆ ಸಂದಿಯಲ್ಲಿ ಸೇರಿಸಬಹುದಾಗಿದ್ದ ಚಿಕ್ಕ ಜಾಬ್‌ಗಳನ್ನು ಹೊರಗೇ ನಿಲ್ಲಿಸುತ್ತದೆ. ನೋಟ್‌ಬುಕ್ ಎಂಬ ಪ್ರೋಗ್ರಾಮಿಂಗ್ ಪುಟವನ್ನು ತೆರೆದಿಟ್ಟು ಊಟಕ್ಕೆ ಹೋದವರ ಹೆಸರಿನಲ್ಲಿ ಜಿಪಿಯು ಕಟ್ಟಿಹಾಕಿಕೊಂಡಿರುತ್ತದೆ. ಇದು ಬಡ ಸಂಸ್ಥೆಗಳ ಸಮಸ್ಯೆ ಮಾತ್ರ ಎಂದುಕೊಳ್ಳಬೇಡಿ. ಮೈಕ್ರೋಸಾಫ್ಟ್ ತನ್ನದೇ ದೊಡ್ಡ ಕ್ಲಸ್ಟರೊಂದರ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಾಬ್‌ಗಳಿಗೆ ಕೊಟ್ಟಿದ್ದ ಜಿಪಿಯುಗಳ ಸರಾಸರಿ ಬಳಕೆ ಸುಮಾರು ಅರ್ಧದಷ್ಟೇ ಇತ್ತು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಊರಿನವರೂ ಇದ್ದಾರೆ. 2018ರಲ್ಲಿ ಪ್ರಕಟವಾದ ಗಾಂಡೀವ ಎಂಬ ಶೆಡ್ಯೂಲರಿನ ಸಂಶೋಧನೆಯಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಪ್ರಯೋಗಾಲಯದ ವಿಜ್ಞಾನಿಗಳದು ದೊಡ್ಡ ಪಾಲು. ಅವರು ಗಮನಿಸಿದ ಸಂಗತಿ ಚೆನ್ನಾಗಿದೆ. ನರಜಾಲವನ್ನು ತರಬೇತುಗೊಳಿಸುವ ಕೆಲಸ ಒಂದೇ ಬಗೆಯ ಆವರ್ತನೆಗಳಲ್ಲಿ ಸಾಗುತ್ತದೆ. ದತ್ತಾಂಶದ ಒಂದು ತುಣುಕು ಮುಗಿದು ಇನ್ನೊಂದು ಶುರುವಾಗುವ ಗಳಿಗೆಯಲ್ಲಿ ಜಿಪಿಯು ಸ್ಮೃತಿಯ ಬಳಕೆ ಹಲವು ಪಟ್ಟು ಇಳಿದಿರುತ್ತದೆ. ಜಾಬನ್ನು ನಿಲ್ಲಿಸಿ ಇನ್ನೊಬ್ಬರಿಗೆ ಸರದಿ ಕೊಡುವುದಾದರೆ ಆ ಗಳಿಗೆಯಲ್ಲೇ ನಿಲ್ಲಿಸಬೇಕು. ಆಗ ಎತ್ತಿಡಬೇಕಾದ ದತ್ತಾಂಶ ಕಡಿಮೆ, ನಷ್ಟವೂ ಕಡಿಮೆ. ಕೆಲಸದ ಒಳಗಿನ ಲಯವನ್ನು ಶೆಡ್ಯೂಲರ್ ಅರಿತರೆ ಅದೇ ಜಿಪಿಯುಗಳಿಂದ ಹೆಚ್ಚು ಜನರಿಗೆ ಸೇವೆ ಕೊಡಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು. ಯಂತ್ರ ಕೊಳ್ಳುವುದಕ್ಕೆ ಬದಲು ಯೋಚನೆ ಮಾಡಿ ಗಳಿಸಿದ ವೇಗ ಇದು. ಇಂಥದಕ್ಕೆ ನಮ್ಮ ಗೌರವ ಇನ್ನೂ ಸಾಲದು.

ಚಿಪ್ಪು ತಯಾರಕರ ಕಡೆಯಿಂದಲೂ ಒಂದು ದಾರಿ ಬಂದಿದೆ. 2020ರ ಎ100ರಿಂದ ಈಚೆಗೆ ಒಂದು ಜಿಪಿಯುವನ್ನು ಏಳು ಭಾಗಗಳವರೆಗೆ ಕತ್ತರಿಸಿ ಏಳು ಜನರಿಗೆ ಕೊಡಬಹುದು. ಪ್ರತಿ ಭಾಗಕ್ಕೂ ಅದರದೇ ಗಣನ ಘಟಕ, ಅದರದೇ ಸ್ಮೃತಿ. ಒಬ್ಬರ ತಪ್ಪು ಇನ್ನೊಬ್ಬರ ಕೆಲಸವನ್ನು ಕೆಡಿಸುವುದಿಲ್ಲ. ಇದಕ್ಕಿಂತ ಹಳೆಯ ಎಂಪಿಎಸ್ ಎಂಬ ಹಂಚಿಕೆಯಲ್ಲಿ ಅಷ್ಟು ಭದ್ರವಾದ ಗೋಡೆ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ತರಗತಿಗೆ ಈ ಏಳು ಭಾಗದ ವ್ಯವಸ್ಥೆ ಬಹಳ ಒಪ್ಪುತ್ತದೆ. ನಾಲ್ಕು ಜಿಪಿಯುಗಳ ಒಂದೇ ಸರ್ವರಿನಲ್ಲಿ ಇಪ್ಪತ್ತೆಂಟು ವಿದ್ಯಾರ್ಥಿಗಳು ಏಕಕಾಲಕ್ಕೆ ಕಲಿಯಬಹುದು.

ಇನ್ನು ಆರೋಗ್ಯ. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಟೈಟನ್ ಯಂತ್ರದ ಕಥೆಯನ್ನು ಈ ಕ್ಷೇತ್ರಕ್ಕೆ ಬರುವ ಪ್ರತಿಯೊಬ್ಬರೂ ಓದಬೇಕು. ಓಕ್ ರಿಡ್ಜ್‌ನಲ್ಲಿ ಜಾಗ್ವಾರ್ ಎಂಬ ಹಳೆಯ ಯಂತ್ರದ 200 ಕಪಾಟುಗಳಲ್ಲೇ ಕಟ್ಟಿದ ಟೈಟನ್ 2012ರ ನವೆಂಬರ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೆ ಬಂತು. ಅದರಲ್ಲಿ 18,688 ಜಿಪಿಯುಗಳು. ಮೊದಲ ತೊಂದರೆ ಶುರುವಿನಲ್ಲೇ ಬಂತು. ಜಿಪಿಯು ಕೂರುವ ಕನೆಕ್ಟರುಗಳಲ್ಲಿ ಚಿನ್ನದ ಅಂಶ ಹೆಚ್ಚಾಗಿ, ಬೆಸುಗೆ ಬಿರುಕು ಬಿಡತೊಡಗಿತು; ಯಂತ್ರದ ಸ್ವೀಕಾರ ಪರೀಕ್ಷೆಯೇ ತಡವಾಯಿತು. ಅದನ್ನು ಸರಿಪಡಿಸಿದರು. ಯಂತ್ರ ಚೆನ್ನಾಗಿ ಓಡಿತು. ಆಮೇಲೆ, ಕೆಲವು ವರ್ಷ ಕಳೆದ ಮೇಲೆ, ಜಿಪಿಯುಗಳು ಒಂದರ ಹಿಂದೆ ಒಂದು ಸಾಯತೊಡಗಿದವು. ಒಮ್ಮೊಮ್ಮೆ ದಿನಕ್ಕೆ ಹಲವಾರು. ಹುಡುಕುತ್ತ ಹೋದರೆ ಸಿಕ್ಕ ಅಪರಾಧಿ ಕಾರ್ಡಿನ ಮೇಲಿನ ಒಂದು ಪುಟ್ಟ ರೆಸಿಸ್ಟರ್. ಗಾಳಿಯಲ್ಲಿರುವ ಗಂಧಕದ ಅಂಶವನ್ನು ತಡೆಯುವ ಲೇಪವಿಲ್ಲದ ಆ ಬಿಡಿಭಾಗ ಒಳಗೊಳಗೇ ಸವೆಯುತ್ತಿತ್ತು. ಸಾವಿರಾರು ಕಾರ್ಡುಗಳನ್ನು ಬದಲಾಯಿಸಬೇಕಾಯಿತು.

ಅಲ್ಲಿನ ಸಂಶೋಧಕರು ಮುಂದೆ ಮಾಡಿದ ಕೆಲಸ ಇನ್ನೂ ಬೆಲೆಯುಳ್ಳದ್ದು. ಪ್ರತಿ ಜಿಪಿಯು ಯಾವ ಕಪಾಟಿನಲ್ಲಿ, ಯಾವ ಅಂತಸ್ತಿನಲ್ಲಿ ಇತ್ತು, ಎಂದು ಬಂತು, ಎಂದು ಹೋಯಿತು ಎಂಬ ದಾಖಲೆಯನ್ನು ಅವರು ಜೋಪಾನವಾಗಿ ಇಟ್ಟಿದ್ದರು. ಎಲ್ಲ ಜಿಪಿಯುಗಳ ಆಯುಸ್ಸು ಕೂಡಿದರೆ ಒಂದು ಲಕ್ಷ ವರ್ಷಗಳಿಗೂ ಹೆಚ್ಚು. ವೈದ್ಯಕೀಯದಲ್ಲಿ ರೋಗಿಗಳ ಬದುಕುಳಿಯುವಿಕೆಯನ್ನು ಲೆಕ್ಕಹಾಕುವ ಸಂಖ್ಯಾಶಾಸ್ತ್ರದ ವಿಧಾನಗಳನ್ನೇ ಇದಕ್ಕೆ ಹಚ್ಚಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಟೈಟನ್‌ನ ಕಪಾಟಿನಲ್ಲಿ ತಂಪು ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಕೆಳಗಿನ ಅಂತಸ್ತಿನ ಬಿಸಿಯನ್ನು ಹೊತ್ತುಕೊಂಡೇ ಗಾಳಿ ಮೇಲಿನ ಅಂತಸ್ತಿಗೆ ತಲುಪುತ್ತಿತ್ತು. ಮೇಲಿನವು ಬೇಗ ಸತ್ತವು. ಗಾಳಿಯ ದಾರಿ ಮಾತ್ರವಲ್ಲ, ಶೆಡ್ಯೂಲರ್ ಕೆಲಸ ಹಂಚುತ್ತಿದ್ದ ರೀತಿಯ ಗುರುತು ಕೂಡ ಜಿಪಿಯುಗಳ ಆಯುಸ್ಸಿನಲ್ಲಿ ಕಾಣಿಸಿತು. ಯಾವ ನೋಡಿಗೆ ಕೆಲಸ ಹೆಚ್ಚು ಬೀಳುತ್ತದೋ ಅದು ಹೆಚ್ಚು ಬಿಸಿಯಾಗುತ್ತದೆ. ಹಂಚಿಕೆ, ತಂಪು, ಆಯುಸ್ಸು ಎಂಬ ಮೂರೂ ಬೇರೆ ಬೇರೆ ವಿಭಾಗಗಳ ತಲೆನೋವು ಎಂದು ನಾವು ಇಲ್ಲಿ ವಿಂಗಡಿಸಿಟ್ಟಿದ್ದೇವೆ. ಏಸಿ ನೋಡಿಕೊಳ್ಳುವುದು ಎಸ್ಟೇಟ್ ವಿಭಾಗ, ಶೆಡ್ಯೂಲರ್ ನೋಡಿಕೊಳ್ಳುವುದು ಕಂಪ್ಯೂಟರ್ ವಿಭಾಗ, ಕಾರ್ಡ್ ಕೆಟ್ಟರೆ ಮಾರಾಟಗಾರ. ಟೈಟನ್ ಹೇಳುವುದು ಇವು ಮೂರೂ ಒಂದೇ ಎಂದು. ಈ ವಿಭಾಗಗಳ ಜನ ತಿಂಗಳಿಗೊಮ್ಮೆಯಾದರೂ ಒಂದೇ ಮೇಜಿನ ಸುತ್ತ ಕೂರದ ಸಂಸ್ಥೆಯಲ್ಲಿ ಯಂತ್ರಕ್ಕೆ ದೀರ್ಘಾಯುಸ್ಸು ಇರುವುದಿಲ್ಲ.

ಎಐ ತರಬೇತಿಯ ಇಂದಿನ ಯಂತ್ರಗಳಲ್ಲೂ ಇದೇ ಕಥೆ ಮುಂದುವರಿದಿದೆ. ಮೆಟಾ ಕಂಪನಿ 2024ರಲ್ಲಿ ಲಾಮಾ-3 ಮಾದರಿಯ ತರಬೇತಿಯ ವಿವರಗಳನ್ನು ಪ್ರಕಟಿಸಿತು. 16,384 ಎಚ್100 ಜಿಪಿಯುಗಳ ಮೇಲೆ 54 ದಿನಗಳ ಅವಧಿಯಲ್ಲಿ 466 ಸಲ ಕೆಲಸ ನಿಂತಿತ್ತು. ಅದರಲ್ಲಿ 419 ಅನಿರೀಕ್ಷಿತ ನಿಲುಗಡೆಗಳು, ಅಂದರೆ ಮೂರು ಗಂಟೆಗೊಮ್ಮೆ ಒಂದು. ಇವುಗಳಲ್ಲಿ ಬಹುಪಾಲಿಗೆ ಯಂತ್ರಾಂಶದ ದೋಷವೇ ಕಾರಣ, ಅದರಲ್ಲೂ ಮುಂದಿದ್ದದ್ದು ಜಿಪಿಯು. ಹಾಗಿದ್ದೂ ದೊಡ್ಡ ಮಟ್ಟದಲ್ಲಿ ಮನುಷ್ಯರು ಕೈಹಾಕಬೇಕಾಗಿ ಬಂದದ್ದು ಮೂರೇ ಸಲ. ಉಳಿದದ್ದನ್ನೆಲ್ಲ ಅವರ ನಿರ್ವಹಣಾ ತಂತ್ರಾಂಶವೇ ಪತ್ತೆಹಚ್ಚಿ, ಕೆಟ್ಟ ನೋಡನ್ನು ಹೊರಗಿಟ್ಟು, ಹಿಂದೆ ಉಳಿಸಿಟ್ಟ ಹಂತದಿಂದ ಕೆಲಸವನ್ನು ಮತ್ತೆ ಶುರುಮಾಡಿತು. ಮಧ್ಯಾಹ್ನದ ಬಿಸಿಲೇರಿದಾಗ ಅಷ್ಟೂ ಯಂತ್ರದ ವೇಗ ಶೇಕಡಾ ಒಂದೆರಡರಷ್ಟು ಕುಸಿಯುತ್ತಿತ್ತು ಎಂಬುದನ್ನೂ ಅವರು ಅಳೆದು ಬರೆದಿದ್ದಾರೆ. ಕೆಡುವುದೇ ಇಲ್ಲ ಎಂಬ ಯಂತ್ರವನ್ನು ಯಾರೂ ಕಟ್ಟಿಲ್ಲ. ಕೆಟ್ಟಾಗ ಬೇಗ ಎದ್ದು ನಿಲ್ಲುವ ವ್ಯವಸ್ಥೆಯನ್ನು ಕಟ್ಟಬಹುದು.

ಚಿಕ್ಕ ಸಂಸ್ಥೆಯಲ್ಲಿ ಇದನ್ನು ಮಾಡುವುದು ಹೇಗೆ? ದೊಡ್ಡ ಖರ್ಚಿಲ್ಲ. ಪ್ರತಿ ಜಾಬ್ ಶುರುವಾಗುವ ಮೊದಲು, ಮುಗಿದ ಮೇಲೆ ಓಡುವ ಒಂದು ಪುಟ್ಟ ಪರೀಕ್ಷೆಯನ್ನು ಶೆಡ್ಯೂಲರಿಗೆ ಸೇರಿಸಬಹುದು. ಎಲ್ಲ ಜಿಪಿಯುಗಳೂ ಕಾಣುತ್ತಿವೆಯೇ, ಸ್ಮೃತಿಯಲ್ಲಿ ತಿದ್ದಲಾಗದ ದೋಷ ಬಂದಿದೆಯೇ, ಬಿಸಿ ಮಿತಿಯಲ್ಲಿದೆಯೇ, ಹಿಂದಿನ ಬಳಕೆದಾರರ ಕೆಲಸ ಇನ್ನೂ ಅಲ್ಲೇ ಅಂಟಿಕೊಂಡಿದೆಯೇ ಎಂದು ನೋಡಿ, ಸಂಶಯ ಬಂದರೆ ಆ ನೋಡನ್ನು ಸರದಿಯಿಂದ ಹೊರಗಿಡುವುದು. ಎನ್ವಿಡಿಯಾ ಡ್ರೈವರ್ ಎಕ್ಸ್‌ಐಡಿ ಎಂಬ ಸಂಖ್ಯೆಗಳಲ್ಲಿ ಜಿಪಿಯುವಿನ ಕಾಯಿಲೆಯನ್ನು ಬರೆದಿಡುತ್ತದೆ. 48 ಬಂದರೆ ಸ್ಮೃತಿಯಲ್ಲಿ ತಿದ್ದಲಾಗದ ದೋಷ, 79 ಬಂದರೆ ಜಿಪಿಯು ಸಂಪರ್ಕವೇ ಕಡಿದುಹೋಗಿದೆ. ಈ ಸಂಖ್ಯೆಗಳು ದಿನವೂ ಕಡತದಲ್ಲಿ ಬೀಳುತ್ತವೆ, ಓದುವವರು ಬೇಕು. ಬಳಕೆದಾರರ ಪಾಲಿನ ಕೆಲಸವೂ ಇದೆ. ನಾಲ್ಕು ದಿನ ಓಡುವ ಲೆಕ್ಕವನ್ನು ನಡುವೆ ಎಲ್ಲೂ ಉಳಿಸದೆ ಓಡಿಸುವವರಿಗೆ, ಕೆಲವು ಗಂಟೆಗೊಮ್ಮೆ ಉಳಿಸಿಕೊಳ್ಳುವುದನ್ನು ಕಲಿಸಿದ ಮೇಲೆಯೇ ದೊಡ್ಡ ಸರದಿಗೆ ಬಿಡಬೇಕು.

ಕಡೆಯದಾಗಿ ಪ್ರೋಗ್ರಾಮುಗಳ ಆಯುಸ್ಸು. ವೇಗವರ್ಧಕಗಳು ಬರುತ್ತವೆ, ಹೋಗುತ್ತವೆ. 2008ರಲ್ಲಿ ಜಗತ್ತಿನಲ್ಲೇ ಮೊದಲು ಪೆಟಾಫ್ಲಾಪ್ ದಾಟಿದ ರೋಡ್‌ರನ್ನರ್ ಯಂತ್ರ ಸೆಲ್ ಎಂಬ ಚಿಪ್ಪನ್ನು ನೆಚ್ಚಿತ್ತು. ಅದಕ್ಕಾಗಿ ಬರೆದ ಪ್ರೋಗ್ರಾಮು ಬೇರೆಲ್ಲೂ ಓಡುತ್ತಿರಲಿಲ್ಲ. 2013ರಲ್ಲಿ ಆ ಯಂತ್ರವನ್ನೇ ನಿಲ್ಲಿಸಿದರು. 2015ರಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಸಹಸ್ರ-ಟಿ ಎಂಬ ಕ್ರೇ ಯಂತ್ರದಲ್ಲಿ ಎರಡು ಬಗೆಯ ವೇಗವರ್ಧಕಗಳಿದ್ದವು. ಕೆಲವು ನೋಡುಗಳಲ್ಲಿ ಎನ್ವಿಡಿಯಾ ಕೆ40 ಜಿಪಿಯು, ಇನ್ನು ಕೆಲವು ನೋಡುಗಳಲ್ಲಿ ಇಂಟೆಲ್‌ನ ಕ್ಸಿಯಾನ್ ಫೈ. ಆಗ ಯಾವುದು ಉಳಿಯುತ್ತದೆಂದು ಯಾರಿಗೂ ತಿಳಿದಿರಲಿಲ್ಲ, ಎರಡನ್ನೂ ಇಟ್ಟುಕೊಂಡದ್ದು ವಿವೇಕದ ನಿರ್ಧಾರವೇ. ಮುಂದಿನ ಕೆಲವೇ ವರ್ಷಗಳಲ್ಲಿ ಇಂಟೆಲ್ ಕ್ಸಿಯಾನ್ ಫೈ ವಂಶವನ್ನೇ ಕೈಬಿಟ್ಟಿತು. ಅಮೆರಿಕದ ಅರೋರಾ ಯಂತ್ರದ ಮೊದಲ ಯೋಜನೆ ಕೂಡ ಅದೇ ವಂಶದ ಚಿಪ್ಪಿನ ಮೇಲೆ ನಿಂತಿತ್ತು, ಅದನ್ನು ಪೂರ್ತಿ ಬದಲಾಯಿಸಬೇಕಾಯಿತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಶುರುವಾದ 3.3 ಪೆಟಾಫ್ಲಾಪಿನ ಪರಮ್ ಪ್ರವೇಗದಲ್ಲಿ ಇರುವುದು ವಿ100 ಜಿಪಿಯುಗಳು. ನಮ್ಮ ವಿದ್ಯಾರ್ಥಿಗಳು ಇವತ್ತು ಬರೆಯುವ ಪ್ರೋಗ್ರಾಮು ಒಂದೇ ಕಂಪನಿಯ ಚಿಪ್ಪಿಗೆ ಕಟ್ಟುಬಿದ್ದರೆ, ಆರು ವರ್ಷದ ಮೇಲೆ ಅವರ ಪಿಎಚ್‌ಡಿಯ ಕೆಲಸವನ್ನು ಮತ್ತೆ ಓಡಿಸುವುದೇ ಕಷ್ಟ. ಓಪನ್‌ಎಂಪಿ, ಸಿಕಲ್, ಕೊಕ್ಕೋಸ್ ಮುಂತಾದ, ಹಲವು ಕಂಪನಿಗಳ ಚಿಪ್ಪುಗಳ ಮೇಲೆ ಓಡಬಲ್ಲ ದಾರಿಗಳನ್ನು ಪಠ್ಯದಲ್ಲಿ ಸೇರಿಸಬೇಕು. ಒಂದಿಷ್ಟು ವೇಗ ಕಡಿಮೆಯಾದರೂ ಪರವಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿದ್ಯುತ್ತಿನ ಬಗ್ಗೆ ಒಂದು ಮಾತು. ವಿ100ಕ್ಕೆ 300 ವ್ಯಾಟ್ ಸಾಕಾಗಿತ್ತು, ಎಚ್100ಕ್ಕೆ 700 ಬೇಕು. ಫ್ರಾಂಟಿಯರ್ ಮೊದಲ ಸ್ಥಾನಕ್ಕೇರಿದಾಗ ಎಳೆದದ್ದು 21 ಮೆಗಾವ್ಯಾಟ್. ಪ್ರವೇಗಕ್ಕೆ ಈಗಾಗಲೇ ಚಿಪ್ಪಿನ ಮೇಲೇ ದ್ರವ ಹರಿಸಿ ತಂಪುಮಾಡುವ ವ್ಯವಸ್ಥೆ ಇದೆ. ಮುಂದೆ ಜಿಪಿಯು ಕೊಳ್ಳುವ ಕಾಲೇಜುಗಳು ಟೆಂಡರ್ ಕರೆಯುವ ಮೊದಲು ತಮ್ಮ ಕೊಠಡಿಯ ತಂತಿ, ಟ್ರಾನ್ಸ್‌ಫಾರ್ಮರ್, ನೀರು ಮೂರನ್ನೂ ಪರೀಕ್ಷಿಸಿಕೊಳ್ಳಲಿ.

ಸಭಿಕರೇ, ನಾನು ಹೇಳಿದ ಕೆಲಸಗಳಲ್ಲಿ ಒಂದೂ ತಾನಾಗಿ ಆಗುವುದಿಲ್ಲ. ಕಡತದ ಆ ಸಾಲುಗಳನ್ನು ಬರೆಯುವವರು, ಆ 79 ಎಂಬ ಸಂಖ್ಯೆಯನ್ನು ರಾತ್ರಿ ಗಮನಿಸುವವರು, ನಕ್ಷೆ ಬರೆದು ಬಳಕೆದಾರರಿಗೆ ಕೊಡುವವರು, ಹೊಸ ವಿದ್ಯಾರ್ಥಿಯ ಪಕ್ಕದಲ್ಲಿ ಕೂತು ಅವಳ ಪ್ರೋಗ್ರಾಮು ಏಕೆ ನಿಧಾನವೆಂದು ಹುಡುಕುವವರು ಬೇಕು. ನಮ್ಮ ಬಹಳಷ್ಟು ಕಡೆ ಈ ಕೆಲಸ ಮಾಡುವವರು ಗುತ್ತಿಗೆಯ ಮೇಲಿದ್ದಾರೆ. ಅವರಿಗೆ ಬಡ್ತಿಯ ದಾರಿ ಇಲ್ಲ, ಪ್ರಬಂಧಗಳಲ್ಲಿ ಅವರ ಹೆಸರು ಬರುವುದಿಲ್ಲ, ಕೆಲಸ ಕಲಿತ ಕೂಡಲೇ ಖಾಸಗಿ ಕಂಪನಿಗಳು ಅವರನ್ನು ಕರೆದುಕೊಳ್ಳುತ್ತವೆ. ಯಂತ್ರಕ್ಕೆ ಕೋಟಿಗಟ್ಟಲೆ ಮಂಜೂರು ಮಾಡುವ ಕಡತದಲ್ಲಿ ಇವರ ಸಂಬಳಕ್ಕೆ ಒಂದು ಸಾಲೂ ಇಲ್ಲದಿರುವುದನ್ನು ನಾನು ಕಂಡಿದ್ದೇನೆ, ಕಂಡಾಗಲೆಲ್ಲ ಸಂಕಟವಾಗಿದೆ.

ಆದ್ದರಿಂದ ಈ ವೇದಿಕೆಯಿಂದ ನಮ್ಮ ವಿಶ್ವವಿದ್ಯಾಲಯಗಳ ಕುಲಪತಿಗಳಲ್ಲಿ, ರಾಜ್ಯ ಮತ್ತು ಕೇಂದ್ರದ ಇಲಾಖೆಗಳಲ್ಲಿ ನನ್ನ ವಿನಂತಿ ಇದು. ಜಿಪಿಯು ಕೊಳ್ಳುವ ಪ್ರತಿ ಯೋಜನೆಯಲ್ಲೂ ಅದನ್ನು ನೋಡಿಕೊಳ್ಳುವವರ ಕಾಯಂ ಹುದ್ದೆಗಳನ್ನು ಮೊದಲೇ ಸೇರಿಸಿ. ಸಾರ್ವಜನಿಕ ಹಣದಿಂದ ಕೊಂಡ ಯಂತ್ರಗಳು ಎಷ್ಟು ಗಂಟೆ ದುಡಿದವು, ಎಷ್ಟು ಜನರಿಗೆ ಸಿಕ್ಕವು, ಎಷ್ಟು ಸಲ ಕೆಟ್ಟವು ಎಂಬ ದಾಖಲೆಯನ್ನು ಪ್ರತಿ ವರ್ಷ ಪ್ರಕಟಿಸಿ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಿಗೆ ಹೇಳುವುದೂ ಒಂದಿದೆ: ಮುಂದಿನ ಸಲ ಜಾಬ್ ಸಲ್ಲಿಸುವಾಗ ನಿಮಗೆ ನಿಜವಾಗಿ ಬೇಕಾದ ಗಂಟೆಗಳನ್ನಷ್ಟೇ ಬರೆಯಿರಿ. ಸರದಿಯಲ್ಲಿ ನಿಮ್ಮ ಹಿಂದೆ ಬೇರೊಬ್ಬರು ಕಾಯುತ್ತಿರುತ್ತಾರೆ.